ಗಂಟಿನಲ್ಲಿ ನಿಲ್ಲದ ಬೆಳ್ಳಿ

ಅಕ್ಟೋಬರ್ 12, 1959

ವಿಗಾರ್ ಫಾದರ್ ಇವತ್ತು ಕಾಲಿಸನ್ನು ತಂದುಕೊಟ್ಟರು. ಬಿಳಿ ಬಟ್ಟೆಯಲ್ಲಿ ಸುತ್ತಿ, ಅದರ ಮೇಲೆ ಇನ್ನೊಂದು ಬಟ್ಟೆ. ಪೂಜೆಯಲ್ಲಿ ದ್ರಾಕ್ಷಾರಸ ಹೊಯ್ಯುವ ಈ ಬಟ್ಟಲಿಗೆ ಎರಡು ವರ್ಷದ ಹಿಂದೆ ಬೆಳ್ಳಿಯ ನೀರು ಹಾಕಿದ್ದು ನಾನೇ. ಮಗ ಪಾದ್ರಿಯಾದಾಗ ಮನೆಯವರು ಕಾಲಿಸ್ ಕೊಡುವುದು ನಮ್ಮ ಜನರಲ್ಲಿ ರೂಢಿ. ನಾವೂ ಕೊಟ್ಟಿದ್ದೆವು.

ಜುಲೈಯಲ್ಲಿ, ಮಗ ಪಾದ್ರಿಯಾಗಿದ್ದ ಕೆಮ್ಮಣ್ಣು ಊರಿನ ಹೊಳೆಯಲ್ಲಿ ದೋಣಿ ಮಗುಚಿದಾಗ ಪೂಜೆಯ ಪೆಟ್ಟಿಗೆಯೂ ಅವನ ಜೊತೆಗೇ ಹೋಯಿತು. ಹೊಳೆಯ ನಡುವಿನ ಕುದ್ರುವಿನಲ್ಲಿ ಒಬ್ಬ ಮುದುಕ ಸಾಯಲಿಕ್ಕಿದ್ದಾನೆಂದು ಕರೆ ಬಂದಿತ್ತು, ಅದಕ್ಕೆ ಹೊರಟವನು. ಅವನು ಎರಡನೇ ದಿನ ಸಿಕ್ಕಿದ. ಪೆಟ್ಟಿಗೆ ಸಿಕ್ಕಿದ್ದು ಮಳೆ ಇಳಿದ ಮೇಲೆ.

ಕಾರ್ಕಳದ ಹತ್ತಿರ ಕುಕ್ಕುಂದೂರಿನ ರೊಸಾರಿಯೊ ಎಂಬ ಹುಡುಗನಿಗೆ ಡಿಸೆಂಬರಿನಲ್ಲಿ ಗುರುದೀಕ್ಷೆ ಉಂಟಂತೆ. ಗೇಣಿ ಮನೆಯವರು, ಕಾಲಿಸ್ ಮಾಡಿಸುವ ಶಕ್ತಿ ಇಲ್ಲ. ಇದನ್ನು ಸರಿಮಾಡಿ ಕೊಡಬಹುದಾ ಎಂದು ವಿಗಾರರು ಕೇಳಿದರು. ಕೊಡುತ್ತೇವೆ ಎಂದೆ. ಹೆಂಡತಿ ಸೆಲೀನ್ ಬಾಗಿಲ ಹತ್ತಿರ ನಿಂತಿದ್ದಳು. ಅವಳ ಮುಖ ನೋಡಲಿಲ್ಲ.

ಅಭಿಷೇಕವಾದ ಕಾಲಿಸನ್ನು ಪಾದ್ರಿಗಳಲ್ಲದವರು ಕೈಯಲ್ಲಿ ಮುಟ್ಟುವಂತಿಲ್ಲ. ಕೆಲಸದ ಮಟ್ಟಿಗೆ ನನಗೆ ಅಪ್ಪಣೆ ಆಯಿತು. ನನಗೆ ಮಾತ್ರ. ಸೆಲೀನಳಿಗೂ ಅವರು ಅದನ್ನು ಬಿಡಿಸಿ ಹೇಳಿದರು. ಅವಳು ತಲೆಯಾಡಿಸಿದಳು.

ಅಕ್ಟೋಬರ್ 13

ಬಟ್ಟೆ ಬಿಚ್ಚಿದರೆ ಬೆಳ್ಳಿಯೇ ಕಾಣುವುದಿಲ್ಲ. ಪಾದದಿಂದ ಬಾಯಿಯವರೆಗೆ ಕಪ್ಪು ಗ್ರೀಸ್. ಬಸ್ಸಿನ ಚಕ್ರದ ಗುಂಬಕ್ಕೆ ತುಂಬುವ ಗ್ರೀಸ್. ಕೆತ್ತಿದ ದ್ರಾಕ್ಷಿ ಬಳ್ಳಿಯ ಗೆರೆಗಳೊಳಗೆಲ್ಲ ಹೋಗಿ ಕೂತಿದೆ.

ಮಧ್ಯಾಹ್ನ ಸಲಾಂ ಬ್ಯಾರಿ ಬಂದರು. ಬಸ್ಸಿನ ಮೆಕ್ಯಾನಿಕ್, ಹೂಡೆಯವರು. ಬಂಪರು, ದೀಪದ ಬಳೆಗಳನ್ನು ನಿಕ್ಕಲ್ ಮಾಡಿಸಲಿಕ್ಕೆ ವರ್ಷಗಳಿಂದ ನನ್ನಲ್ಲಿಗೆ ಬರುವವರು. ಜುಲೈಯ ನಂತರ ಬಂದಿರಲಿಲ್ಲ. ಪೆಟ್ಟಿಗೆ ಸಿಕ್ಕಿದ್ದು ಅವರು ರಜೆಯ ದಿನ ಬೀಸಿದ ಬಲೆಯಲ್ಲಿ ಎಂದು ಇವತ್ತು ಗೊತ್ತಾಯಿತು. ಕೆಮ್ಮಣ್ಣಿನ ಇಗರ್ಜಿಗೆ ಕೊಟ್ಟು ಹೋದವರಿಗೆ ನಮ್ಮ ಮನೆಗೆ ಬರಲು ಧೈರ್ಯ ಸಾಲಲಿಲ್ಲವಂತೆ.

"ಉಪ್ಪು ನೀರು ತಿನ್ನಬಾರದೂಂತ ಗ್ರೀಸ್ ಬಳಿದೆ ಪೊರ್ಬುಗಳೇ. ನಮಗೆ ಗೊತ್ತಿರುವುದು ಕಬ್ಬಿಣದ ಮದ್ದು. ಬೆಳ್ಳಿಯ ಮದ್ದು ನಮಗೆಂತ ಗೊತ್ತು?" ಎಂದರು.

ಗ್ರೀಸ್ ಬಳಿಯದಿದ್ದರೆ ಬೆಳ್ಳಿಯ ಕೆಳಗಿನ ಹಿತ್ತಾಳೆಯೇ ತೂತಾಗುತ್ತಿತ್ತು ಎಂದೆ. ಅದು ನಿಜ. ಬಾಳೆಲೆಯಲ್ಲಿ ಹಿಡಿದು ಬಳಿದೆ, ಕೈ ತಾಗಿಸಲಿಲ್ಲ ಎಂದೂ ಹೇಳಿದರು. ಅವರಿಗೆ ಅದನ್ನು ಯಾರು ಹೇಳಿಕೊಟ್ಟಿದ್ದರೋ. ಚಹಾ ಕುಡಿದು ಹೋದರು.

ಅಕ್ಟೋಬರ್ 16

ಚಿಮಣಿ ಎಣ್ಣೆಯಲ್ಲಿ ನೆನೆಹಾಕಿ ಬ್ರಷ್ಷಿನಿಂದ ಉಜ್ಜಿದೆ. ಗ್ರೀಸ್ ಕರಗಿತು, ಕೈಗೆ ಜಾರುವುದು ನಿಲ್ಲಲಿಲ್ಲ. ಚಿಮಣಿ ಎಣ್ಣೆ ಗ್ರೀಸನ್ನು ಓಡಿಸಿ ತಾನು ಕೂರುತ್ತದೆ.

ಪರೀಕ್ಷೆ ಸುಲಭ. ಶುದ್ಧ ನೀರಿನಲ್ಲಿ ಅದ್ದಿ ಎತ್ತಬೇಕು. ಲೋಹ ಶುದ್ಧವಾಗಿದ್ದರೆ ನೀರು ಒಂದೇ ಹಾಳೆಯಾಗಿ ಮೈಗೆ ಅಂಟಿಕೊಂಡಿರುತ್ತದೆ. ಎಣ್ಣೆಯ ಪಸೆ ಇದ್ದಲ್ಲಿ ನೀರು ಒಡೆಯುತ್ತದೆ, ಕೆಸುವಿನ ಎಲೆಯ ಮೇಲಿನ ಹಾಗೆ ಹನಿಯಾಗುತ್ತದೆ. ಇವತ್ತು ಮೈಯೆಲ್ಲ ಹನಿ. ನೀರು ಒಡೆದ ಕಡೆ ಬೆಳ್ಳಿ ಹಿಡಿಯುವುದಿಲ್ಲ. ಹಿಡಿದರೂ ಆಮೇಲೆ ಗುಳ್ಳೆ ಏಳುತ್ತದೆ.

ಅಕ್ಟೋಬರ್ 20

ಪೆಟ್ರೋಲ್ ತರಿಸಿದೆ. ಚಿಮಣಿ ಎಣ್ಣೆಗಿಂತ ಎಷ್ಟೋ ವಾಸಿ, ಬೇಗ ಆರುತ್ತದೆ. ಆದರೆ ಬೋಗುಣಿಯಲ್ಲಿ ಎರಡು ಸಲ ತೊಳೆಯುವಷ್ಟರಲ್ಲಿ ಪೆಟ್ರೋಲೇ ಕೊಳೆ. ಅದರಲ್ಲಿ ಮತ್ತೆ ಅದ್ದಿದರೆ ತೆಗೆದ ಗ್ರೀಸನ್ನು ತೆಳ್ಳಗೆ ಹಚ್ಚಿಕೊಟ್ಟ ಹಾಗೆ. ಮೂರು ಬೋಗುಣಿ ಇಟ್ಟೆ. ಮೊದಲನೆಯದು ಕೊಳೆಗೆ, ಎರಡನೆಯದು ಉಳಿದದ್ದಕ್ಕೆ, ಮೂರನೆಯದರಲ್ಲಿ ಅದ್ದಿ ತೆಗೆಯುವುದು ಮಾತ್ರ. ಆಮೇಲೆ ಸುಣ್ಣದ ಹುಡಿ ಹಚ್ಚಿ ಒರೆಸಿ ನೀರಿಗೆ ಹಾಕಿದೆ. ನೀರು ಒಡೆಯಲಿಲ್ಲ.

ಬೆಳಗ್ಗೆ ಕರೆಂಟ್ ಮಂದ, ಮಧ್ಯಾಹ್ನ ಎರಡರ ಮೇಲೆಯೇ ಬೆಳ್ಳಿ ಹಿಡಿಸುವ ತೊಟ್ಟಿಗೆ ಸಾಕಾಗುವಷ್ಟು ಬರುತ್ತದೆ. ಅಷ್ಟರವರೆಗೆ ಹಿಂದಿನ ಕೋಣೆಯಲ್ಲಿ ತಂತಿಗೆ ತೂಗಿ ಬಟ್ಟೆ ಮುಚ್ಚಿಟ್ಟೆ. ನಾನು ಮನೆಯ ಎದುರು ಭಾಗದ ಅಂಗಡಿಯಲ್ಲಿ ಗಿರಾಕಿಗಳ ಜೊತೆ ಇದ್ದೆ. ಎರಡಕ್ಕೆ ತೊಟ್ಟಿಗೆ ಇಳಿಸಿದೆ. ಚೆನ್ನಾಗಿ ಹಿಡಿಯಿತು.

ಅಕ್ಟೋಬರ್ 24

ಗುಳ್ಳೆ ಎದ್ದಿದೆ. ಒಂದೇ ಕಡೆ. ಕಾಲಿಸಿನ ಕಂಬದ ನಡುವೆ ಒಂದು ಗಂಟು ಇರುತ್ತದೆ, ಪಾದ್ರಿಗಳು ಎತ್ತಿ ಹಿಡಿಯುವುದು ಅಲ್ಲಿ. ಉಗುರಿನಲ್ಲಿ ಎಬ್ಬಿಸಿದರೆ ಬೆಳ್ಳಿ ಈರುಳ್ಳಿ ಸಿಪ್ಪೆಯ ಹಾಗೆ ಬಂತು.

ಗಂಟಿನ ಕೆಳಗೇ ತಿರುಪಿನ ಹಲ್ಲು ಇದೆ. ಒಳಗೆ ಉಳಿದ ಗ್ರೀಸ್ ನಿಧಾನ ಹೊರಗೆ ಬರುತ್ತಿರಬೇಕು.

ನವೆಂಬರ್ 2

ಮೃತರ ದಿನ. ಸಿಮಿಸ್ತ್ರಿಗೆ ಹೋದೆವು. ಎಲ್ಲರ ಗೋರಿಯ ಮೇಲೂ ಮೇಣದ ಬತ್ತಿ. ನಮ್ಮದು ಇನ್ನೂ ಮಣ್ಣಿನ ದಿಬ್ಬ. ಸೆಲೀನ್ ಮಂಡಿಯೂರಿ ಕೂತವಳು ವಿಗಾರರು ಆಶೀರ್ವಾದದ ನೀರು ಚಿಮುಕಿಸಿ ಮುಂದೆ ಹೋದ ಮೇಲೂ ಏಳಲಿಲ್ಲ. ನಾನು ನಿಂತಿದ್ದೆ. ಬರುವಾಗ ಅವಳು ಮುಂದೆ, ನಾನು ಹಿಂದೆ ನಡೆದೆವು.

ಮನೆಯಲ್ಲಿ ಜಪಮಾಲೆ ಹಿಡಿದು ತೇರ್ಸ್ ಹೇಳುವಾಗ ಅಗಲಿದವರಿಗಾಗಿ ಇರುವ ಕಡೆಯ ಜಪವನ್ನು ಅವಳು ಹೇಳಬೇಕು, ನಾನು ಉತ್ತರ ಕೊಡಬೇಕು. ಅವಳು ಹೇಳಿದಳು. ನಾನು ಎದ್ದು ದೀಪದ ಬತ್ತಿ ಸರಿಮಾಡಿದೆ.

ನವೆಂಬರ್ 7

ಹಳೆಯ ಬೆಳ್ಳಿ ಸುಲಿದು, ತಿರುಪು ಬಿಚ್ಚಿ, ಹಲ್ಲುಗಳನ್ನು ಒಂದೊಂದಾಗಿ ದಾರ ಹಾಕಿ ಉಜ್ಜಿದೆ. ಮೂರು ಬೋಗುಣಿ ಪೆಟ್ರೋಲ್. ಜೊತೆಗೆ ಹಿತ್ತಾಳೆಯ ಪಟ್ಟಿಗಳಿಗೂ ಗ್ರೀಸ್ ಬಳಿದು ಹಾಗೆಯೇ ತೊಳೆದೆ, ಹೋಲಿಸಿ ನೋಡಲಿಕ್ಕೆ. ಎಲ್ಲದರಲ್ಲೂ ನೀರು ನಿಂತಿತು. ಮಧ್ಯಾಹ್ನ ಬೆಳ್ಳಿ ಹಾಕಿದೆ.

ನವೆಂಬರ್ 11

ಪಟ್ಟಿಗಳು ಸರಿಯಾಗಿವೆ. ಬಗ್ಗಿಸಿದರೂ ಬೆಳ್ಳಿ ಬಿಡುವುದಿಲ್ಲ. ಕಾಲಿಸಿನ ಗಂಟಿನಲ್ಲಿ ಮತ್ತೆ ಗುಳ್ಳೆ.

ಯಾರಾದರೂ ಮುಟ್ಟಿದ್ದರಾ ಎಂದು ಸೆಲೀನಳನ್ನು ಕೇಳಿದೆ. ಹಿಂದಿನ ಕೋಣೆಗೆ ಗಂಜಿ ತರುವವಳು ಅವಳೊಬ್ಬಳೇ.

"ಕೈ ಮುಟ್ಟಿಸಲಿಲ್ಲ," ಎಂದಳು.

ಅವಳು ಸುಳ್ಳು ಹೇಳುವವಳಲ್ಲ. ಹಾಗಾದರೆ ಪೆಟ್ರೋಲಿನದ್ದೇ ದೋಷ.

ನವೆಂಬರ್ 14

ಮೂಡಣ ಗಾಳಿ ಸುರುವಾಗಿದೆ. ಸೆಲೀನಳ ತುಟಿ ಒಡೆದು ರಕ್ತ ಬರುತ್ತದೆ, ಸರಿಯಾಗಿ ಊಟ ಮಾಡದೆ ಇರುವುದೂ ಒಂದು ಕಾರಣ. ತೆಂಗಿನೆಣ್ಣೆ ಹಚ್ಚಿಕೊಳ್ಳುತ್ತಾಳೆ. ಇವತ್ತು ಬಂಗುಡೆ ತಂದೆ. ಅವಳು ಸ್ವಲ್ಪ ತಿಂದಳು.

ನವೆಂಬರ್ 17

ಸಲಾಂ ಬ್ಯಾರಿ ಒಂದು ಬಾಟ್ಲಿ ತಂದರು. ಕಾರ್ಬನ್ ಟೆಟ್ರಾ ಅಂತೆ. ಮಣಿಪಾಲದಲ್ಲಿ ಡಾಕ್ಟರುಗಳ ಉಣ್ಣೆ ಕೋಟು ತೊಳೆಯುವ ಲಾಂಡ್ರಿಯವನಲ್ಲಿ ಕೇಳಿ ತಂದದ್ದು. ನೀರಿನ ಹಾಗೆ ತಿಳಿ, ಎತ್ತಿದರೆ ಭಾರ, ಬೆಂಕಿ ಹಿಡಿಯುವುದಿಲ್ಲ. ಸಿಹಿ ವಾಸನೆ. ಗ್ರೀಸಿನ ಪಟ್ಟಿಯನ್ನು ಅದ್ದಿ ತೆಗೆದೆ, ಉಜ್ಜುವುದೇ ಬೇಡ. ಆರಿದ ಮೇಲೆ ಬೆರಳು ಎಳೆದರೆ ಕೀರ್ ಎನ್ನುತ್ತದೆ. ಚಿಮಣಿ ಎಣ್ಣೆ, ಪೆಟ್ರೋಲ್, ಬಣ್ಣದ ತಿನ್ನರ್ ಯಾವುದೂ ಇದರ ಹತ್ತಿರ ಬರುವುದಿಲ್ಲ.

ಕಾಲಿಸನ್ನು ಅದರಲ್ಲಿ ತೊಳೆದೆ. ಗಾಳಿಗೆ ಬೇಗ ಆರಿ ವ್ಯರ್ಥವಾಗಬಾರದೆಂದು ಕಿಟಕಿ ಮುಚ್ಚಿದ್ದೆ. ಕೆಲಸ ಮುಗಿಯುವಾಗ ತಲೆ ಸುತ್ತಿತು. ತೂಗಿಟ್ಟು, ಗೋಡೆ ಹಿಡಿದುಕೊಂಡು ಜಗಲಿಗೆ ಬಂದೆ. ಸೆಲೀನ್ ಲಿಂಬೆ ಹಣ್ಣಿನ ನೀರು ಕೊಟ್ಟಳು. ಹೋಗಿ ಕಿಟಕಿ ತೆರೆದು ಬಂದಳು. ನನ್ನ ಪಕ್ಕ ಕೂತಳು. ಎದ್ದು ಹೋಗಲಿಲ್ಲ. ಎರಡು ಗಂಟೆಗೆ ತೊಟ್ಟಿಗೆ ಇಳಿಸಿದೆ.

ನವೆಂಬರ್ 21

ಗಂಟಿನಲ್ಲಿ ಗುಳ್ಳೆ.

ನವೆಂಬರ್ 23

ಸಲಾಂ ಬ್ಯಾರಿ ಬಂದು ನೋಡಿದರು. ಕಾರ್ಬನ್ ಟೆಟ್ರಾದ ಉಳಿದ ಬಾಟ್ಲಿಯನ್ನು ವಾಪಸು ತೆಗೆದುಕೊಂಡು ಹೋದರು. ಲಾಂಡ್ರಿಯವನಿಗೆ ಡಾಕ್ಟರರೊಬ್ಬರು ಬೈದಿದ್ದಾರಂತೆ, ಮುಚ್ಚಿದ ಕೋಣೆಯಲ್ಲಿ ಅದನ್ನು ಮೂಸಿದರೆ ಲಿವರ್ ಹೋಗುತ್ತದೆ ಎಂದು.

"ಒಬ್ಬರನ್ನು ಹೊಳೆಗೆ ಕೊಟ್ಟದ್ದು ಸಾಕು. ನಿಮ್ಮನ್ನು ಬಾಟ್ಲಿಗೆ ಕೊಡಲಿಕ್ಕೆ ನಾನಿಲ್ಲ," ಎಂದರು. ಆಡಿದ ಮೇಲೆ ಅವರಿಗೇ ಹೇಗೋ ಆಯಿತು. ನನಗೆ ಕೋಪ ಬರಲಿಲ್ಲ. ಹೊಳೆ ಎಂಬ ಮಾತನ್ನು ನನ್ನೆದುರು ಯಾರೂ ಎತ್ತುವುದಿಲ್ಲ. ಅವರು ಎತ್ತಿದರು, ಅಷ್ಟೆ.

ಮತ್ತೆ ಹೇಳಿದರು: "ಎಂಜಿನ್ನಿನ ಎರಡು ಮೈ ಕೂಡಿಸುವಾಗ ನಾವು ಬೆಳಗ್ಗೆ ಒರೆಸಿದ್ದನ್ನು ನಂಬುವುದಿಲ್ಲ ಮಾರಾಯ್ರೆ. ಕೂಡಿಸುವ ಹೊತ್ತಿಗೆ ಇನ್ನೊಮ್ಮೆ ನೋಡುತ್ತೇವೆ. ನೀವು ನೀರಿಗೆ ಹಾಕಿ ನೋಡುವುದು ಬೆಳಗ್ಗೆ, ಬೆಳ್ಳಿ ಹಾಕುವುದು ಎರಡಕ್ಕೆ. ನಡುವೆ ಎಂತ ಆಗುತ್ತದೆ ಅಂತ ಯಾರಿಗೆ ಗೊತ್ತು?"

ನಡುವೆ ಆಗಲಿಕ್ಕೆ ಎಂತ ಉಂಟು? ಬಟ್ಟೆ ಮುಚ್ಚಿ ತೂಗಿರುತ್ತದೆ. ಆದರೂ ಹಾಗೆಯೇ ಮಾಡುವ ಎಂದೆ.

ನವೆಂಬರ್ 27

ಬೆಳಗ್ಗೆ ಪೆಟ್ರೋಲಿನಲ್ಲಿ ತೊಳೆದು, ಸುಣ್ಣ ಒರೆಸಿ, ನೀರಿನಲ್ಲಿ ನೋಡಿದೆ. ಒಂದೇ ಹಾಳೆ. ಒಣಗಿಸಿ ತೂಗಿದೆ. ಎರಡು ಗಂಟೆಗೆ ತೊಟ್ಟಿಗೆ ಇಳಿಸುವ ಮೊದಲು ಇನ್ನೊಮ್ಮೆ ನೀರಿಗೆ ಅದ್ದಿ ಎತ್ತಿದೆ. ಬಟ್ಟಲಿನ ಮೇಲೆ ನೀರು ಸರಿಯಾಗಿ ನಿಂತಿತ್ತು, ಪಾದದ ಮೇಲೂ ನಿಂತಿತ್ತು. ಗಂಟಿನಲ್ಲಿ ಒಡೆಯಿತು. ಒಡೆದ ಜಾಗ ಕಿಟಕಿಯ ಬೆಳಕಿಗೆ ಸ್ಪಷ್ಟವಾಗಿ ಕಂಡಿತು.

ಎರಡು ತುಟಿ. ಕೆಳಗಿನ ತುಟಿಯಲ್ಲಿ ಒಡೆದ ಗೆರೆ.

ನೀರು ಆರುವವರೆಗೆ ಹಿಡಿದುಕೊಂಡಿದ್ದೆ. ತೊಟ್ಟಿಗೆ ಇಳಿಸಲಿಲ್ಲ.

ನವೆಂಬರ್ 28

ಅಂಗಡಿ ತೆರೆಯಲಿಲ್ಲ.

ಡಿಸೆಂಬರ್ 1

ಇವತ್ತು ಗಂಜಿ ಕುಡಿಯುವಾಗ ಹೇಳಿದೆ. ಜೋರು ಮಾಡಲಿಲ್ಲ. ಗಂಟಿನಲ್ಲಿ ಬೆಳ್ಳಿ ನಿಲ್ಲದ ಕಾರಣ ಸಿಕ್ಕಿತು ಎಂದೆ. ಅವಳು ತಟ್ಟೆಯಿಂದ ತಲೆ ಎತ್ತಲಿಲ್ಲ.

"ನಾನು ಕೈ ಮುಟ್ಟಿಸಲಿಲ್ಲ," ಎಂದಳು. "ಫಾದರ್ ಹೇಳಿದ್ದು ಕೈಯಲ್ಲಿ ಮುಟ್ಟಬಾರದು ಅಂತ. ಎರಡು ಕೈಯನ್ನೂ ಹಿಂದೆ ಕಟ್ಟಿಕೊಂಡಿದ್ದೆ."

ಗೊತ್ತು ಎಂದೆ.

"ದೀಕ್ಷೆಯ ದಿನ ಅವನ ಅಂಗೈಗೆ ಮೊದಲು ಮುತ್ತು ಕೊಟ್ಟದ್ದು ನಾನು. ಎಣ್ಣೆ ಹಚ್ಚಿದ ಕೈ, ಪರಿಮಳ ಇತ್ತು. ಹೊಳೆಯಿಂದ ತಂದ ದಿನ ಆ ಕೈ ನೋಡಲಿಕ್ಕೆ ನೀವು ಬಿಡಲಿಲ್ಲ."

"ನೋಡುವ ಹಾಗೆ ಇರಲಿಲ್ಲ ಸೆಲೀನ್."

"ನೀವು ನೋಡಿದಿರಿ, ನಿಮಗೆ ಗೊತ್ತು. ನನಗೆ ಹೇಗೆ ಗೊತ್ತಾಗಬೇಕು? ಅವನು ಹಿಡಿಯುತ್ತಿದ್ದ ಜಾಗ ಅದೊಂದೇ ಉಳಿದದ್ದು. ಅದನ್ನೂ ಕೊಡುತ್ತೇವೆ ಅಂದಿರಿ. ನನ್ನನ್ನು ಕೇಳಿದಿರಾ?"

ಗಂಜಿ ತಣಿಯಿತು. ಈಗ ಕೇಳುತ್ತಿದ್ದೇನೆ ಎಂದೆ. ಬೇಡವೆಂದರೆ ವಿಗಾರರಿಗೆ ನಾನೇ ಹೋಗಿ ಹೇಳುತ್ತೇನೆ, ಕಾಲಿಸ್ ಇಗರ್ಜಿಯ ಪೆಟ್ಟಿಗೆಯಲ್ಲಿ ಜೋಕಿಮನ ಹೆಸರಿನಲ್ಲೇ ಇರಲಿ. ರೊಸಾರಿಯೊಗೆ ಬೇರೆ ಯಾರಾದರೂ ಕೊಟ್ಟಾರು.

ಅವಳು ಆಗ ತಲೆ ಎತ್ತಿದಳು. ಕಾಲಿಸಿನ ವಿಷಯಕ್ಕಲ್ಲ. ನಾನು ಅವನ ಹೆಸರು ಹೇಳಿದ್ದಕ್ಕೆ ಇರಬೇಕು.

ಡಿಸೆಂಬರ್ 2

ಉತ್ತರ ಕೊಟ್ಟಿಲ್ಲ. ಕಾಲಿಸ್ ಹಿಂದಿನ ಕೋಣೆಯಲ್ಲೇ ಇದೆ, ಬೆಳ್ಳಿಯಿಲ್ಲದೆ. ನಾನು ಬೀಗ ಹಾಕಿಲ್ಲ. ವಿಗಾರರು ಇಗರ್ಜಿಯಲ್ಲಿ ಸಿಕ್ಕಿ, ಹತ್ತನೇ ತಾರೀಕಿಗೆ ಕಾಲಿಸ್ ಕೈಸೇರಬೇಕು, ಹದಿಮೂರಕ್ಕೆ ಆ ಹುಡುಗನ ಮೊದಲ ಪೂಜೆ ಎಂದರು. ನೋಡುವ ಫಾದರ್ ಎಂದೆ.

ಡಿಸೆಂಬರ್ 5

ಆ ಹುಡುಗನ ತಾಯಿಯನ್ನು ನೋಡಬೇಕು ಎಂದು ನಿನ್ನೆ ಸಂಜೆ ಸೆಲೀನ್ ಹೇಳಿದಳು. ಬೆಳಗಿನ ಬಸ್ಸಿಗೆ ಕಾರ್ಕಳಕ್ಕೆ ಹೋಗಿ, ಅಲ್ಲಿಂದ ಕುಕ್ಕುಂದೂರಿಗೆ ನಡೆದೆವು. ಬಿಸಿಲು ಇತ್ತು. ಅರ್ಧ ದಾರಿಯಲ್ಲಿ ಅವಳ ಕೊಡೆಯ ಕೆಳಗೆ ನನ್ನನ್ನೂ ಕರೆದಳು.

ಹುಲ್ಲಿನ ಮಾಡಿನ ಮನೆ. ಹುಡುಗನ ತಾಯಿ ಜೆರ್ಟ್ರೂಡ್ ಬಾಯಿ ಅಂಗಳಕ್ಕೆ ಸೆಗಣಿ ಸಾರಿಸುತ್ತಿದ್ದವರು ಕೈ ತೊಳೆದು ಓಡಿ ಬಂದರು. ಉಡುಪಿಯಿಂದ ಕಾಲಿಸಿನ ಕೆಲಸ ಮಾಡುವವರು ಎಂದಷ್ಟೇ ಹೇಳಿದೆ. ಅದು ಯಾರದ್ದಾಗಿತ್ತೆಂದು ಅವರಿಗೆ ತಿಳಿದಿರಲಿಲ್ಲ. ವಿಗಾರರು ಹೇಳಿಲ್ಲ. ಬೆಲ್ಲ, ನೀರು ಕೊಟ್ಟರು. ಆಮೇಲೆ ಹಪ್ಪಳ ಸುಟ್ಟರು. ಮಾತು ನಿಲ್ಲಲಿಲ್ಲ. ಮಗ ಪಾದ್ರಿಯಾಗಿ ತೊಡುವ ಲೋಬು ಹೊಲಿಯುವಾಗ ದರ್ಜಿ ಅಳತೆ ತಪ್ಪಿಸಿದ್ದು, ಹಿಂದಿನ ಗದ್ದೆಯಲ್ಲಿ ಚಪ್ಪರ ಹಾಕುವುದು, ಊರಿನವರೆಲ್ಲ ಊಟಕ್ಕೆ ಬಂದರೆ ಹಂದಿ ಒಂದು ಸಾಕಾ ಎರಡು ಬೇಕಾ.

ಒಂದು ಹೊತ್ತಿಗೆ ಸೆಲೀನಳ ಹತ್ತಿರ ಸರಿದು, "ಬಾಯಿ, ನಿಮಗೆ ಗೊತ್ತುಂಟಾ," ಎಂದು ತಗ್ಗಿದ ಸ್ವರದಲ್ಲಿ ಕೇಳಿದರು. "ದೀಕ್ಷೆಯಾದ ಮೇಲೆ ಮೊದಲು ತಾಯಿಯೇ ಮಗನ ಕೈಗೆ ಮುತ್ತು ಕೊಡಬೇಕಂತೆ. ಅಳಬಾರದಂತೆ, ಅಳು ಅಪಶಕುನವಂತೆ. ನನಗೆ ಹಿಡಿದುಕೊಳ್ಳಲಿಕ್ಕೆ ಆಗುವುದಿಲ್ಲ."

ನಾನು ಹಪ್ಪಳ ಮುರಿದು ಬೆಲ್ಲದ ತಟ್ಟೆಯಲ್ಲಿಟ್ಟೆ.

ಸೆಲೀನ್ ಹೇಳಿದಳು: "ಅಳಬಹುದು. ನಾನು ಅತ್ತಿದ್ದೆ. ಅದರಿಂದ ಏನೂ ಆಗುವುದಿಲ್ಲ."

"ನಿಮ್ಮ ಮಗನೂ ಪಾದ್ರಿಗಳಾ? ಎಲ್ಲಿದ್ದಾರೆ?"

"ಕೆಮ್ಮಣ್ಣಿನಲ್ಲಿ ಇದ್ದ."

ಜೆರ್ಟ್ರೂಡ್ ಬಾಯಿ ಅವಳ ಕಪ್ಪು ಸೀರೆಯನ್ನು ಆಗ ಸರಿಯಾಗಿ ನೋಡಿದರು. ನನ್ನನ್ನು ನೋಡಿದರು. ಅಲ್ಲಿಂದ ಮುಂದೆ ಅವರು ಹಂದಿಯ ಮಾತು, ಚಪ್ಪರದ ಮಾತು ಎತ್ತಲಿಲ್ಲ. ಹೊರಡುವಾಗ ಹಿತ್ತಲಿನ ಬಸಳೆಯ ಕಟ್ಟು ತಂದು ಸೆಲೀನಳ ಕೈಯಲ್ಲಿಟ್ಟು, ಆ ಕೈಯನ್ನು ಹಾಗೇ ಹಿಡಿದುಕೊಂಡು ಗೇಟಿನವರೆಗೆ ಬಂದರು.

ಬಸ್ಸಿನಲ್ಲಿ ಬೈಲೂರು ದಾಟಿದ ಮೇಲೆ ಸೆಲೀನ್ ಅಂದಳು, "ಕೊಡುವ." ಆಮೇಲೆ ಕಿಟಕಿಯ ಕಡೆ ತಿರುಗಿ, ಜೋಕಿಮ್ ಚಿಕ್ಕವನಿದ್ದಾಗ ಬಸ್ಸಿನಲ್ಲಿ ವಾಂತಿ ಮಾಡಿ ಕಂಡಕ್ಟರನ ಅಂಗಿ ಹಾಳು ಮಾಡಿದ್ದನ್ನು ನೆನಪಿಸಿದಳು. ಆ ಕಂಡಕ್ಟರ್ ನಮ್ಮನ್ನು ದಾರಿಯಲ್ಲೇ ಇಳಿಸಿದ್ದ. ಅದು ನನಗೂ ನೆನಪಿತ್ತು. ಅವಳು ಮರೆತ ಒಂದೆರಡನ್ನು ನಾನು ಹೇಳಿದೆ. ಉಡುಪಿ ಬಂದದ್ದು ತಿಳಿಯಲಿಲ್ಲ.

ಡಿಸೆಂಬರ್ 6

ಆದಿತ್ಯವಾರ. ಪೂಜೆಯಿಂದ ಬರುವಾಗ ಒಟ್ಟಿಗೆ ನಡೆದೆವು. ಬಸಳೆಗೆ ಸಿಗಡಿ ಹಾಕಿದ್ದಳು. ನಾನು ಎರಡು ಸಲ ಬಡಿಸಿಕೊಂಡೆ.

ಡಿಸೆಂಬರ್ 9

ಬೆಳಗ್ಗೆ ತೊಳೆಯುವ ಮೊದಲು ಸೆಲೀನಳನ್ನು ಹಿಂದಿನ ಕೋಣೆಗೆ ಕರೆದೆ. ಬಟ್ಟೆ ತೆಗೆದಿಟ್ಟು, ನಾನು ಎದುರಿನ ಅಂಗಡಿಗೆ ಬಂದೆ. ಒಬ್ಬ ಗಿರಾಕಿ ಸೈಕಲ್ಲಿನ ಹ್ಯಾಂಡಲ್ ತಂದಿದ್ದ. ಅವನು ಹೋಗಿ ಎಷ್ಟೋ ಹೊತ್ತಾದ ಮೇಲೆ ಅವಳು ಬಂದು, "ಇನ್ನು ತೊಳೆಯಿರಿ," ಎಂದಳು. ಅಡುಗೆ ಮನೆಗೆ ಹೋಗಲಿಲ್ಲ. ಅಲ್ಲೇ ಸ್ಟೂಲಿನ ಮೇಲೆ ಕೂತು, ಪೆಟ್ರೋಲಿನ ಬೋಗುಣಿಗಳನ್ನು ನಾನು ಹೇಳಿದ ಹಾಗೆ ಮುಂದೆ ಹಿಂದೆ ಸರಿಸಿದಳು. ಮೂರನೆಯದನ್ನು ಯಾಕೆ ಉಜ್ಜಬಾರದು ಎಂದು ಕೇಳಿದಳು, ಹೇಳಿದೆ. ಕಿಟಕಿ ತೆರೆದಿತ್ತು.

ಸುಣ್ಣ ಒರೆಸಿ ನೀರಿನಿಂದ ಎತ್ತಿದೆ. ಒಂದೇ ಹಾಳೆ, ಗಂಟಿನ ಮೇಲೂ. ಅವಳು ಬಾಗಿ ನೋಡಿದಳು. ಬಾವಿಕಟ್ಟೆಯಲ್ಲಿ ಮುಖ ತೊಳೆದು ಅಡುಗೆಗೆ ಹೋದಳು.

ಕರೆಂಟ್ ಬರಲು ಹೊತ್ತಿತ್ತು. ತಂತಿಗೆ ತೂಗಬೇಕಾಗಿತ್ತು, ತೂಗಲಿಲ್ಲ. ಬಟ್ಟೆಯಲ್ಲಿ ಕಾಲಿಸಿನ ಪಾದ ಹಿಡಿದುಕೊಂಡು ಕೂತೆ. ಪೂಜೆಯಲ್ಲಿ ಎತ್ತಿ ಹಿಡಿಯುವಾಗ ಜೋಕಿಮನ ಎಡಗೈ ಸ್ವಲ್ಪ ನಡುಗುತ್ತಿತ್ತು, ಸಣ್ಣವನಿದ್ದಾಗಿನಿಂದಲೂ. ಗಂಟು ಸ್ವಲ್ಪ ದಪ್ಪ ಮಾಡಿಸಿ ಪಪ್ಪಾ, ಜಾರಬಾರದು ಎಂದಿದ್ದ. ದಪ್ಪ ಮಾಡಿಸಿದ್ದೆ.

ಸೆಲೀನ್ ಬಂದಾಗ ಎರಡಾಗಿತ್ತು. ತೊಟ್ಟಿಗೆ ಇಳಿಸುವ ಮೊದಲು ನೀರಿಗೆ ಅದ್ದಿ ಎತ್ತಿದೆ. ಗಂಟಿನಲ್ಲಿ ಒಡೆಯಿತು. ಈ ಸಲದ ಗುರುತು ದೊಡ್ಡದು, ಮೇಲೆ ನನ್ನ ಮೀಸೆಯ ಗೀರುಗಳೂ ಇದ್ದವು.

ಅವಳು ನೋಡಿದಳು. ಕೊಳೆಯಾದ ಪೆಟ್ರೋಲನ್ನು ಚೆಲ್ಲಿ ಬಂದು, ಮೂರೂ ಬೋಗುಣಿಗೆ ಹೊಸತು ಹೊಯ್ದಳು.

ಮೊದಲಿನಿಂದ ತೊಳೆದೆವು. ಬೆಳ್ಳಿ ಹಿಡಿದಿದೆ.